ತಲೆಬರಹವೂ ಸೈಕಲ್ಲಿನ ಸರೋಜಕ್ಕನೂ

ಕಾಲೇಜು ಹುಡುಗರು ತೆಗೆದ ಕಿರುಚಿತ್ರವೊಂದರ ಬಗ್ಗೆ ವಾರಪತ್ರಿಕೆಯಲ್ಲಿ ಒಂದು ಪುಟ ತಯಾರಾಗುತ್ತಿತ್ತು. ಪುಟದ ಎಡಕ್ಕೆ 'ಸರೋಜಕ್ಕನ ಸೈಕಲ್ಲು' ಎಂಬ ದಪ್ಪಕ್ಷರದ ತಲೆಬರಹ, ಬಲಕ್ಕೆ ಸೈಕಲ್ ಹಿಡಿದು ಆ ತಲೆಬರಹದತ್ತಲೇ ನೋಡುತ್ತ ನಿಂತ ಸರೋಜಕ್ಕನ ಫೋಟೊ. ಪತ್ರಿಕೆಯ ಕಚೇರಿಗೆ ಬಂದವರೆಲ್ಲ "ಫೋಟೊ ಎಷ್ಟು ಚೆನ್ನಾಗಿದೆ" ಅನ್ನುವವರೇ. ತಲೆಬರಹದ ಹೊಟ್ಟೆಗೆ ಬೆಂಕಿ ಬಿತ್ತು.

ಪುಟ ಕಟ್ಟುವ ಕೆಲಸ ಈಗಷ್ಟೇ ಕಲಿಯುತ್ತಿದ್ದ ವಾರಿಜಾಳಿಗೆ ಅದು ದೂರು ಕೊಟ್ಟಿತು: "ಸಿನಿಮಾದ ಹೆಸರನ್ನು ಊರಿಗೆಲ್ಲ ಸಾರುವುದು ನಾನು. ಹೊಗಳಿಕೆ ಮಾತ್ರ ಈ ಹೆಂಗಸಿಗೆ. ಅದು ಸಾಲದೆಂದು ಮೂರು ಹೊತ್ತೂ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಾಳೆ. ಇವಳ ಮುಖ ಆಚೆ ತಿರುಗಿಸಿಬಿಡು ತಾಯಿ."

"ಅಷ್ಟೇ ತಾನೆ," ಎಂದು ವಾರಿಜಾ ಫೋಟೊವನ್ನು ಬಲಕ್ಕೆ ಮುಖಮಾಡಿಸಿ ಕೂರಿಸಿದಳು. ಸರೋಜಕ್ಕ ಸೈಕಲ್ ಸಮೇತ ತಿರುಗಿ ನಿಂತಳು. ತಲೆಬರಹಕ್ಕೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪತ್ರಿಕೆ ಹೊರಬಿತ್ತು. ಓದುಗರು ಮೊದಲು ಸರೋಜಕ್ಕನನ್ನು ನೋಡಿದರು, ಆಮೇಲೆ ಅವಳು ನೋಡುತ್ತಿದ್ದ ಕಡೆಗೆ ನೋಡಿದರು. ಅಲ್ಲಿ, ಎದುರು ಪುಟದಲ್ಲಿ, ಮಾವಿನ ಉಪ್ಪಿನಕಾಯಿಯ ಜಾಹೀರಾತಿತ್ತು. ಆ ವಾರ ಅಂಗಡಿಗಳಲ್ಲಿ ಉಪ್ಪಿನಕಾಯಿ ಖಾಲಿ. ಸಿನಿಮಾ ತೋರಿಸಿದ ಸಭಾಂಗಣದಲ್ಲಿ ಕುರ್ಚಿಗಳೂ ಖಾಲಿ.

"ನನ್ನನ್ನು ಯಾರೂ ಓದಲೇ ಇಲ್ಲವಲ್ಲ," ಎಂದು ತಲೆಬರಹ ಗೋಳಾಡಿತು.

ಸರೋಜಕ್ಕ ತಿರುಗದೆಯೇ ಹೇಳಿದಳು: "ನಾನು ನಿನ್ನನ್ನು ದುರುಗುಟ್ಟುತ್ತಿರಲಿಲ್ಲಪ್ಪ. ಬಂದವರಿಗೆಲ್ಲ ನಿನ್ನನ್ನು ತೋರಿಸುತ್ತಿದ್ದೆ."