ಸೀಗವ್ವನ ಹೆಣ್ಣುಮಕ್ಕಳು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಮೆತ್ತಗಿದ್ದವು. ಮೋಡಗಳಿಗೆ ಮೇಲೆ ಹೋಗುವ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಹುಲ್ಲಿನ ಮೇಲೇ ಮಲಗಿ ನಿದ್ದೆ ಮಾಡುತ್ತಿದ್ದವು.

ಆಗ ಒಂದು ಹೊಳೆಯ ದಂಡೆಯಲ್ಲಿ, ಸೀಗೆ ಮೆಳೆಯೊಳಗೆ, ಕಡ್ಡಿಹುಳಗಳ ದೊಡ್ಡ ಬಳಗವಿತ್ತು. ಗಂಡುಗಳೂ ಇದ್ದವು, ಹೆಣ್ಣುಗಳೂ ಇದ್ದವು. ಒಣಕಡ್ಡಿಯ ಹಾಗೆ ಸುಮ್ಮನೆ ನಿಲ್ಲುವುದೇ ಅವರ ವಿದ್ಯೆ. ಅಲುಗಾಡಿದರೆ ಹಕ್ಕಿ ಕಂಡುಬಿಡುತ್ತದಲ್ಲ!

ಆ ಬಳಗದಲ್ಲಿ ಸೀಗವ್ವ ಎಂಬ ಹುಡುಗಿಯಿದ್ದಳು. ಇನ್ನೂ ಮದುವೆಯಾಗಿರಲಿಲ್ಲ. ಒಂದು ಮಧ್ಯಾಹ್ನ ಕೊಂಬೆಯ ತುದಿಯಲ್ಲಿ ತೂಕಡಿಸುತ್ತಿದ್ದಾಗ ಹೊಳೆಗೆ ಹೊಸ ನೀರು ಬಂತು. ಕೊಂಬೆ ಮುರಿಯಿತು. ಸೀಗವ್ವ ಅದನ್ನೇ ಅಪ್ಪಿಕೊಂಡು ತೇಲಿದಳು, ತೇಲಿದಳು, ತೇಲುತ್ತಲೇ ಹೋದಳು. ಕಡೆಗೆ ಕೊಂಬೆ ಒಂದು ನಡುಗಡ್ಡೆಗೆ ಬಂದು ತಾಗಿತು.

ಅಲ್ಲಿ ತಿನ್ನಲು ಎಲೆಗಳು ಬೇಕಾದಷ್ಟಿದ್ದವು. ಆದರೆ ಅವಳ ಕುಲದವರು ಒಬ್ಬರೂ ಇರಲಿಲ್ಲ.

“ಹೊಳೆಯಮ್ಮಾ, ನನ್ನನ್ನು ನಮ್ಮ ಮೆಳೆಗೆ ಬಿಟ್ಟು ಬಾ.”

“ನನಗೆ ಹಿಂದಕ್ಕೆ ಹರಿಯಲು ಬರುವುದಿಲ್ಲ ಮಗಳೇ,” ಎಂದು ಹೊಳೆ ಮೆಲ್ಲಗೆ ಹೇಳಿ ಮುಂದೆ ಹೋಯಿತು.

ಬಿಸಿಲು ಬಂತು, ಮಂಜು ಬಂತು. ಸೀಗವ್ವನ ಹೊಟ್ಟೆಯಲ್ಲಿ ಮೊಟ್ಟೆಗಳು ತುಂಬಿದವು. “ಗಂಡಿಲ್ಲದೆ ಇವಕ್ಕೆ ಜೀವ ಬರುವುದು ಹೇಗೆ? ನಾನು ಹೋದಮೇಲೆ ಇಲ್ಲಿ ನಮ್ಮವರು ಇದ್ದರೆಂದು ಯಾರಿಗೆ ಗೊತ್ತಾದೀತು?” ಎಂದು ಅವಳು ಅತ್ತಳು.

ಗಾಳಿಗೆ ಕೇಳಿಸಿತು. “ಅಳಬೇಡ ತಂಗಿ. ನಾನೇ ಒಬ್ಬನನ್ನು ಹುಡುಕಿ ತರುತ್ತೇನೆ,” ಎಂದ.

ಗಾಳಿಯಣ್ಣ ದಂಡೆಗೆ ಹೋದ. ಅವನ ಸದ್ದು ಕೇಳಿದ್ದೇ ತಡ, ಮೆಳೆಯ ಗಂಡುಗಳೆಲ್ಲ ಕಡ್ಡಿಯಾಗಿ ನಿಂತುಬಿಟ್ಟವು. ಯಾವುದು ಹುಳ, ಯಾವುದು ಕಡ್ಡಿ? ಗಾಳಿಗೆ ತಿಳಿಯಲಿಲ್ಲ. ಸಿಕ್ಕಿದ್ದನ್ನು ತೋಳ್ತುಂಬ ತಂದು ಸುರಿದ.

ಸೀಗವ್ವ ಒಂದೊಂದರ ಹತ್ತಿರವೂ ಹೋದಳು. “ನೀನು ನಮ್ಮವನೇನಪ್ಪಾ?” ಮಾತಿಲ್ಲ. “ನೀನು?” ಮಾತಿಲ್ಲ. ಎಲ್ಲವೂ ಬರೀ ಒಣಕಡ್ಡಿಯ ಪುಳ್ಳೆ.

ಗಾಳಿ ಮತ್ತೆ ಹೋದ, ಮತ್ತೆ ತಂದ. ಮತ್ತೆ ಬರೀ ಪುಳ್ಳೆ. “ನನ್ನ ಕಣ್ಣು ಸಾಲದು ತಂಗಿ,” ಎಂದು ತಲೆತಗ್ಗಿಸಿ ಹೊರಟುಹೋದ.

ನಡುಗಡ್ಡೆಯಲ್ಲಿ ಒಂದು ಬಾಳೆಯ ಗಿಡವಿತ್ತು. ಅದರ ಬುಡದಲ್ಲಿ ಎಳೆಯ ಕಂದೊಂದು ಆಗಷ್ಟೇ ಎದ್ದಿತ್ತು.

“ಬಾಳಕ್ಕಾ, ಇದು ಯಾರ ಮಗು?”

“ನನ್ನದೇ.”

“ತಂದೆ?”

“ತಂದೆ ಅಂತ ಯಾರೂ ಇಲ್ಲಮ್ಮ. ನಾನಿದ್ದೆ, ಮಣ್ಣಿತ್ತು. ನನ್ನಲ್ಲಿದ್ದದ್ದನ್ನೆಲ್ಲ ಕೊಟ್ಟೆ. ಎದ್ದಳು.”

“ನನ್ನಿಂದಲೂ ಆದೀತೇ ಅಕ್ಕಾ?”

“ಅದು ನನಗೆ ಗೊತ್ತಿಲ್ಲ. ಆದರೆ ಹೊಟ್ಟೆಯಲ್ಲಿಟ್ಟುಕೊಂಡು ಅತ್ತರೆ ಯಾವ ಮೊಟ್ಟೆಯೂ ಒಡೆಯುವುದಿಲ್ಲ. ಮಣ್ಣಿಗೆ ಕೊಟ್ಟು ನೋಡು.”

ಸೀಗವ್ವ ಮೇಲಿನ ಎಲೆಗೆ ಹತ್ತಿದಳು. ಒಂದು ಮೊಟ್ಟೆ ಬಿಟ್ಟಳು. ಟಪ್. “ನನ್ನ ಕಾಲು ನಿನಗೆ, ನನ್ನ ಬಣ್ಣ ನಿನಗೆ, ನನ್ನ ಮೌನ ನಿನಗೆ,” ಎಂದಳು. ಇನ್ನೊಂದು ಬಿಟ್ಟಳು. ಟಪ್. ಅದಕ್ಕೂ ಅದೇ ಮಾತು. ಬೇರೆ ಏನು ಕೊಡಲಿಕ್ಕಿತ್ತು ಅವಳ ಬಳಿ? ಮೊಟ್ಟೆಗಳು ಬೀಜಗಳ ಹಾಗೆ ತರಗೆಲೆಯೊಳಗೆ ಮರೆಯಾದವು.

ಆಮೇಲೆ ಕಾದಳು. ಕಾದು ಕಾದು ಅವಳ ಹಸಿರು ಮೈ ಕಂದುಬಣ್ಣಕ್ಕೆ ತಿರುಗಿತು. ಒಂದು ಕಾಲು ಉದುರಿತು.

ಒಂದು ತುಂತುರು ಮಳೆಯ ಬೆಳಗ್ಗೆ ತರಗೆಲೆ ಅಲುಗಿತು. ಹಸಿರು ನೂಲಿನ ಎಳೆಯಂಥದೊಂದು ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

“ಅವ್ವಾ!”

ಸೀಗವ್ವ ಬಗ್ಗಿ ನೋಡಿದಳು. ಎಲ್ಲರಿಗೂ ಅವಳದೇ ಕಾಲು, ಅವಳದೇ ಬಣ್ಣ. ಒಬ್ಬನೂ ಗಂಡಿಲ್ಲ, ಎಲ್ಲರೂ ಹೆಣ್ಣು. ಒಬ್ಬ ಮಗಳು ನಡುಗುತ್ತ ಹತ್ತಿ ಬಂದು ಅವಳ ಬೆನ್ನಿನ ಮೇಲೆ ಕೂತಳು. ಸೀಗವ್ವ ಉಸಿರನ್ನೂ ಬಿಗಿಹಿಡಿದಳು, ಮಗು ಬಿದ್ದೀತೆಂದು.

ಅದಕ್ಕೇ ಪುಟ್ಟೀ, ಇವತ್ತಿಗೂ ಕೆಲವು ಕಡ್ಡಿಹುಳಗಳ ಬಳಗದಲ್ಲಿ ಗಂಡುಗಳೇ ಇರುವುದಿಲ್ಲ. ಇವತ್ತು ಸೀಬೆ ಗಿಡದ ಮೇಲೆ ನೀನು ಕಂಡ ಹಸಿರು ಕಡ್ಡಿ ಅವಳ ಮಗಳ ಮಗಳ ಮಗಳು, ಮುಖ ಮಾತ್ರ ಸೀಗವ್ವನದೇ.