ಒಬ್ಬೊಬ್ಬರ ಧರೆ

ಘಟ್ಟದ ಹಳೆಯ ಕಾಲುದಾರಿ ತಿರುವು ಪಡೆಯುವಲ್ಲಿ ಗುಡ್ಡದ ಒಂದು ಪಕ್ಕೆ ಇಂದಿಗೂ ಬೋಳಾಗಿದೆ. ಸುತ್ತಲೂ ದಟ್ಟ ಕಾಡಿದ್ದರೂ ಅಲ್ಲಿ ಹುಲ್ಲು, ಕುರುಚಲು ಬಿಟ್ಟರೆ ಮರ ನಿಂತಿಲ್ಲ. ಕಡಿದಾದ ಮಣ್ಣಿನ ಇಳಿಜಾರಿಗೆ ಇಲ್ಲಿ ಧರೆ ಎನ್ನುವುದು; ಊರವರು ಇದನ್ನು ಒಬ್ಬೊಬ್ಬರ ಧರೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಮಳೆ ಬೇಗನೆ ಹಿಡಿದ ವರ್ಷ, ಮದುವೆ ಮುಗಿಸಿದ ದಿಬ್ಬಣವೊಂದು ಮದುಮಗಳು ದುಗ್ಗಿಯನ್ನು ಕರೆದುಕೊಂಡು ಈ ದಾರಿಯಲ್ಲಿ ಗಂಡಿನ ಊರಿಗೆ ಹೊರಟಿತ್ತು. ಅವಳ ಜೊತೆಗೆ ಬಂದಿದ್ದವನು ಸೋದರಮಾವ ದ್ಯಾವಪ್ಪ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಧರೆಯ ಬುಡಕ್ಕೆ ಬಂದಾಗ ಅವನ ಕಾಲು ನಿಂತಿತು. ಮೇಲಿನ ಮರಗಳು ಕೆಳಕ್ಕೆ ವಾಲಿದ್ದವು. ಮಣ್ಣಿನೊಳಗಿಂದ ಕೆಂಪು ನೀರು ಒಸರುತ್ತಿತ್ತು.

"ಬೀಗರೇ, ಗುಡ್ಡ ಒಳಗಿಂದ ಸಡಿಲಾಗಿದೆ. ಸುತ್ತುದಾರಿ ಹಿಡಿಯೋಣ" ಎಂದ.

ಗಂಡಿನ ತಂದೆ ಕೆರಿಯಪ್ಪ ಆಕಾಶ ನೋಡಿದ. "ಸುತ್ತಿ ಹೋದರೆ ಹೊತ್ತು ಮುಳುಗುತ್ತೆ ದ್ಯಾವಪ್ಪ. ಸೊಸೆಯನ್ನು ಕತ್ತಲಲ್ಲಿ ಮನೆ ತುಂಬಿಸಿಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ."

ಹೆಣ್ಣಿನ ಕಡೆಯವನು ಎಷ್ಟು ವಾದಿಸಿಯಾನು? "ಹಾಗಾದರೆ ನಾನು ಮೊದಲು ದಾಟಿ ನೋಡ್ತೀನಿ. ಸನ್ನೆ ಮಾಡಿದ ಮೇಲೆ ಒಬ್ಬೊಬ್ಬರೇ ಬನ್ನಿ" ಎಂದು ಹೇಳಿ ಹೊರಟ. ನಡುವೆ ಕಾಲಡಿಯ ನೆಲ ಮೆಲ್ಲಗೆ ಅದುರಿತು. ಆಚೆ ತಲುಪಿ ತಿರುಗಿ ನೋಡಿದರೆ ಧರೆಯ ನೆತ್ತಿಯಲ್ಲಿ ಉದ್ದಕ್ಕೂ ಬಿರುಕು ಬಾಯಿ ತೆರೆದಿತ್ತು. ಬೇಡ, ಬರಬೇಡಿ ಎಂದು ಎರಡೂ ಕೈ ಎತ್ತಿ ಬೀಸಿದ. ಅಷ್ಟರಲ್ಲಿ ಮಳೆ ಜೋರಾಯಿತು. ಈಚೆಯವರಿಗೆ ಅವನ ಕೂಗು ಕೇಳಲಿಲ್ಲ, ಎತ್ತಿದ ಕೈಗಳಷ್ಟೇ ಕಂಡವು. ನೆನೆಯುತ್ತಾ ಯಾಕೆ ನಿಲ್ಲುವುದೆಂದು ಎಲ್ಲರೂ ಒಟ್ಟಿಗೇ ನುಗ್ಗಿದರು. ದುಗ್ಗಿ ಸೆರಗನ್ನು ತಲೆಗೆಳೆದುಕೊಂಡು ಸೋದರಮಾವನತ್ತ ಬೇಗಬೇಗ ಬರುತ್ತಿದ್ದಳು. ಗುಡ್ಡದ ಪಕ್ಕೆ ಮರಗಳ ಸಮೇತ ಕಳಚಿ ಅವರ ಮೇಲೆ ಬಂತು.

ದ್ಯಾವಪ್ಪ ಉಗುರು ಕಿತ್ತು ಬರುವವರೆಗೆ ಬರಿಗೈಯಲ್ಲಿ ಮಣ್ಣು ಬಗೆದ. ಹಸಿರು ಬಳೆಯ ಕೈಯೊಂದು ಸಿಕ್ಕಿತು. ಅದು ಆಗಲೇ ತಣ್ಣಗಾಗಿತ್ತು. ಬದುಕಿದವರು ಕೆಲವರೇ. ಸಾಲಿನ ಕೊನೆಯಲ್ಲಿದ್ದ ಕೆರಿಯಪ್ಪ ಮೈಯೆಲ್ಲಾ ಕೆಸರಾಗಿ ಬಂದು ಎದುರು ನಿಂತ.

"ನೀನೇ ಕೈ ಎತ್ತಿದ್ದೆಯಲ್ಲ."

"ಬೇಡ ಅಂತ ಎತ್ತಿದ್ದೆ" ಎಂದ ದ್ಯಾವಪ್ಪ.

ದ್ಯಾವಪ್ಪ ಊರಿಗೆ ಹಿಂತಿರುಗಲಿಲ್ಲ. ಧರೆಯ ಅಂಚಿನಲ್ಲೇ ಗುಡಿಸಲು ಹಾಕಿಕೊಂಡು, ಬಂದವರನ್ನೆಲ್ಲಾ ತಡೆದು ಒಬ್ಬೊಬ್ಬರನ್ನೇ ದಾಟಿಸಿದ. ಕೈಸನ್ನೆಗೆ ಅವನು ಅವಕಾಶ ಕೊಡಲಿಲ್ಲ. ಆಚೆ ಮುಟ್ಟಿದವರು ಹಿಂದಿನವರ ಹೆಸರು ಹಿಡಿದು ಕರೆಯಬೇಕು, ಕರೆದ ಹೆಸರಿನವರು ಮಾತ್ರ ಹೆಜ್ಜೆ ಇಡಬೇಕು. ಜೋರುಮಳೆಯಲ್ಲಿ ಹೆಸರು ಕೇಳದಿದ್ದರೆ, ಕೇಳುವ ತನಕ ಕಾಯಬೇಕು. ಸಾಯುವವರೆಗೂ ಅವನು ಮಾಡಿದ್ದು ಇದೊಂದೇ ಕೆಲಸ.

ಈಗ ಕೆಳಗೆ ಡಾಂಬರು ರಸ್ತೆಯಿದೆ. ಆದರೂ ಮೇಲಿನ ಗುಡಿಗೆ ಹೋಗುವವರು ಈ ಧರೆಯನ್ನೇ ದಾಟುತ್ತಾರೆ. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಹೇಳದ ಮುದುಕಿಯರೂ ಆಚೆ ತಲುಪಿ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಈಚೆ ನಿಂತ ಗಂಡನನ್ನು ಗಟ್ಟಿಯಾಗಿ ಹೆಸರು ಹಿಡಿದು ಕರೆಯುವುದನ್ನು ಅಲ್ಲಿ ನೋಡಬಹುದು.