ನೀಲವ್ವ ತಿಕ್ಕಿದ ನಾಣ್ಯ

ವಸ್ತುಸಂಗ್ರಹಾಲಯದಲ್ಲಿ ಧೂಳು ಒರೆಸುತ್ತಿದ್ದ ನೀಲವ್ವನ ಮೇಲೆ ಹೊಸ ಸಾಹೇಬರು ಗುಡುಗಿದರು: “ನಾಳೆ ಮಂತ್ರಿಗಳು ಬರ್ತಾರೆ. ಈ ಹಳೇ ತಾಮ್ರದ ನಾಣ್ಯಗಳ ಕಿಲುಬನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕು. ಫಳಫಳ ಹೊಳೀಬೇಕು!”

“ಕಿಲುಬಿನ ಜೊತಿ ಅಕ್ಷರನೂ ಕಿತ್ತು ಬರ್ತಾವ್ರಿ.”

“ಎದುರು ಮಾತಾಡ್ತೀಯಾ?”

ನೀಲವ್ವ ಜಗ್ಗಲಿಲ್ಲ. ಅವ್ವ ಕೊಟ್ಟಿದ್ದ ಹಳೆಯ ನಾಣ್ಯವೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಅದರ ಮೇಲಿದ್ದ ರಾಜನ ಹೆಸರನ್ನು ಸಾಹೇಬರಿಂದಲೇ ಓದಿಸಿದಳು. ಆಮೇಲೆ ಅವರೆದುರೇ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅವ್ವನ ನೆನಪಿನ ನಾಣ್ಯವಾದರೂ ಕೈ ನಿಲ್ಲಿಸಲಿಲ್ಲ. ಹೊಳೆಯುವ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟಳು.

“ಈಗ ಓದ್ರಿ ಸಾಹೇಬ್ರ, ಯಾವ ರಾಜಂದು?”

ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿದರು. “ಏನೂ ಇಲ್ವಲ್ಲ!”

“ನಾಳೆ ಮಂತ್ರಿಗಳೂ ಇದನ್ನ ಕೇಳ್ತಾರ್ರಿ. ಉಳಿದವ್ನೂ ತಿಕ್ಕಲೇನ್ರಿ?”

ಸಾಹೇಬರು ಬೆವರು ಒರೆಸಿಕೊಂಡರು.

ಮರುದಿನ ಮಂತ್ರಿಗಳ ಮುಂದೆ ಅವರು ಎದೆಯುಬ್ಬಿಸಿ ಹೇಳಿದರು: “ಈ ಕಿಲುಬನ್ನು ಯಾರೂ ಮುಟ್ಟಬಾರದು ಅಂತ ನಾನೇ ಕಟ್ಟಪ್ಪಣೆ ಮಾಡಿದ್ದೇನೆ ಸಾರ್!”